ಪಂಕ್ತಿಯಲ್ಲಿ ಒಂದು ಚೆಂಡು

ಅರಸೀಕೆರೆ
9 ಆಗಸ್ಟ್ 1936

ಮಿತ್ರರಾದ ನಂಜುಂಡಯ್ಯನವರಿಗೆ ಷಡಕ್ಷರಪ್ಪನ ನಮಸ್ಕಾರಗಳು.

ಅರಸೀಕೆರೆ ಕಸಬೆಯ ಸಮಸ್ತ ಪುರಜನರಿಗೂ, ಬೇಲೂರು ಹಳೇಬೀಡು ಸೀಮೆಯ ಸಕಲ ಸಜ್ಜನರಿಗೂ, ಅಲ್ಲಿ ಗೋಡೆಗೆ ಒರಗಿ ನಿಂತಿರುವ ಶಿಲಾಬಾಲಿಕೆಯರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ: ನಮ್ಮ ಕಾಲೇಜಿನ ಫುಟ್‌ಬಾಲಿಗೆ ಒಳಗೆ ಗಾಳಿ ತುಂಬುವ ಹೊಸ ಬ್ಲಾಡರು ಬಂದಿದೆ. ಹಳೆಯದು ಏಳು ತೇಪೆಗಳನ್ನು ಹೊತ್ತು, ಆಷಾಢದ ಒಂದು ಸಂಜೆ ನಿಟ್ಟುಸಿರು ಬಿಟ್ಟು ತೀರಿಕೊಂಡಿತು. ಹೊಸದನ್ನು ನಾನೇ ಸ್ಟೇಷನ್ನಿಗೆ ಹೋಗಿ ಬರಮಾಡಿಕೊಂಡೆ. ಹಾರ ಒಂದು ಹಾಕಲಿಲ್ಲ, ಅಷ್ಟೆ.

ಚರಿತ್ರೆ ಪಾಠ ಹೇಳುವವನಿಗೆ ಬ್ಲಾಡರಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಕೊಬ್ಬರಿ ಮಂಡಿಯವರೆಲ್ಲ ಸೇರಿ ಕಟ್ಟಿದ ಈ ತಗಡಿನ ಸೂರಿನ ಕಾಲೇಜಿನಲ್ಲಿ ಚರಿತ್ರೆ ಹೇಳುವವನೇ ಆಟವನ್ನೂ ಆಡಿಸಬೇಕೆಂದು ಕಮಿಟಿಯವರ ಅಪ್ಪಣೆ. ಎರಡರಲ್ಲೂ ಸೋಲುಗಳೇ ಹೆಚ್ಚು ಎಂಬುದು ಅವರ ವಾದವಿರಬೇಕು.

ನಮ್ಮ ತಂಡದ ರೋಗ ಇದು. ಚೆಂಡು ಸಿಕ್ಕಿದವನು ಅದನ್ನು ಪಿತ್ರಾರ್ಜಿತ ಆಸ್ತಿ ಎಂದುಕೊಳ್ಳುತ್ತಾನೆ. ಬಿಡುವುದಿಲ್ಲ, ಹಂಚುವುದಿಲ್ಲ. ಒಬ್ಬ ಆಡುತ್ತಾನೆ, ಹತ್ತು ಜನ ಸಾಕ್ಷಿ ನಿಲ್ಲುತ್ತಾರೆ. ನನಗೆ ಬೇಕಾಗಿರುವವನು ನಡುವೆ ನಿಂತು, ಹಿಂದಿನಿಂದ ಬಂದ ಚೆಂಡನ್ನು ಮುಂದೆ ಯಾರಿಗೆ ತೆರಪಿದೆಯೋ ನೋಡಿ ದಾಟಿಸುವವನು. ಅವನಿಗೆ ಸೆಂಟರ್ ಹಾಫ್ ಎನ್ನುತ್ತಾರೆ. ಅಂಥವನು ನನಗೆ ಸಿಕ್ಕಿದ್ದು ಮೈದಾನದಲ್ಲಲ್ಲ, ಹೋದ ವೈಶಾಖದಲ್ಲಿ ನಿಮ್ಮ ಮಗಳ ಮದುವೆಯ ಊಟದಲ್ಲಿ. ನಿಮ್ಮ ಅಕ್ಕನ ಮಗ ಸಣ್ಣಯ್ಯ ತುಪ್ಪದ ಗಿಂಡಿ ಹಿಡಿದು ಬರುತ್ತಿದ್ದ. ನಾನು ಕೈ ಎತ್ತುವ ಮೊದಲೇ ತುಪ್ಪ ನನ್ನ ಅನ್ನದ ಮೇಲಿತ್ತು. ಪಕ್ಕದಲ್ಲಿ ಕೂತಿದ್ದ ಕಂದಾಯದ ಷೇಕ್‌ದಾರರು ಮೂರು ಸಲ ಕೆಮ್ಮಿದರು. ಅವರ ಎಲೆಯಲ್ಲಿ ತುಪ್ಪವಿತ್ತು. ಸಣ್ಣಯ್ಯ ಆ ಕೆಮ್ಮನ್ನು ದಾಟಿ ಮುಂದಕ್ಕೆ ಹೋದ.

ಆ ಕಣ್ಣು ನನಗೆ ಬೇಕು. ಅವನು ಈಗ ನಮ್ಮಲ್ಲೇ ಓದುತ್ತಿದ್ದಾನೆ. ಆಡಿಸಲು ನಿಮ್ಮ ಒಪ್ಪಿಗೆಯಿದೆಯೇ?

ಇತಿ,
ಷಡಕ್ಷರಪ್ಪ

*

ಹಳೇಬೀಡು
20 ಆಗಸ್ಟ್ 1936

ಶ್ರೀ ಷಡಕ್ಷರಪ್ಪ ಮೇಷ್ಟ್ರ ಸನ್ನಿಧಿಗೆ ನಂಜುಂಡಯ್ಯ ಮಾಡುವ ವಿಜ್ಞಾಪನೆಗಳು. ನಾವೆಲ್ಲ ಕ್ಷೇಮ.

ತಮ್ಮ ಕಾಗದ ಬಂದ ದಿನವೇ ತಲುಪಿತು. ತಲುಪದೆ ಇರುವ ಹಾಗಿಲ್ಲ, ಈ ಊರಿನ ಸ್ಕೂಲ್ ಮೇಷ್ಟ್ರೂ ನಾನೇ, ಸ್ಕೂಲಿನ ಮೂಲೆಯಲ್ಲಿ ಇಟ್ಟಿರುವ ಅಂಚೆ ಪೆಟ್ಟಿಗೆಗೆ ಯಜಮಾನನೂ ನಾನೇ. ನನ್ನ ಕಾಗದಕ್ಕೆ ನಾನೇ ಮುದ್ರೆ ಒತ್ತಿಕೊಂಡು ಓದುತ್ತೇನೆ.

ಸಣ್ಣಯ್ಯನ ತಂದೆ ಕೆಂಚಯ್ಯ ಭಾವನಿಗೆ ವಿಷಯ ತಿಳಿಸಿದೆ. ಅವರು, "ಒದೆಯೋಕೆ ಅರಸೀಕೆರೆ ತಂಕ ಯಾಕ್ ಹೋಗ್‌ಬೇಕ್ಲಾ? ನಮ್ಮ ಹೊಲ್ದಾಗೆ ಹೆಂಟೆ ಇಲ್ವಾ?" ಎಂದರು. ಚೆನ್ನಾಗಿ ಆಡುವ ಹುಡುಗರನ್ನು ಅರಸೀಕೆರೆ ಜಂಕ್ಷನ್ನಿನ ರೈಲ್ವೆಯವರು ತಮ್ಮ ತಂಡಕ್ಕೆ ಸೇರಿಸಿಕೊಂಡು ಕೆಲಸವನ್ನೂ ಕೊಡುತ್ತಾರೆ ಎಂದು ಹೇಳಿದ ಮೇಲೆ ಸ್ವಲ್ಪ ಮೆತ್ತಗಾದರು. ಕೊನೆಗೆ ಮಾತು ನಿಂತದ್ದು ಇಲ್ಲಿಗೆ: ಈ ವರ್ಷದೊಳಗೆ ರೈಲ್ವೆಯವರು ಕೈ ಹಿಡಿದರೆ ಸರಿ, ಇಲ್ಲವಾದರೆ ಪುಸ್ತಕ ಕಟ್ಟಿಟ್ಟು ನೇಗಿಲು ಹಿಡಿಯಬೇಕು. ಭಾವ ಒಂದು ಮಾತು ಹೇಳಿದರೆ ಎರಡನೆಯದಿಲ್ಲ. ನನ್ನ ಅಕ್ಕ ಮುದ್ದಮ್ಮ ಒಲೆ ಊದುತ್ತಾ ಕೂತಳು. ಹುಡುಗನಿಗೆ ಓದು ಬಿಡಲು ಇಷ್ಟವಿಲ್ಲವೆಂದು ಅವಳಿಗೆ ಗೊತ್ತು.

ಬಡಿಸುವುದನ್ನು ಅವನಿಗೆ ಕಲಿಸಿದವರು ನಮ್ಮ ತಂದೆ. ಹತ್ತು ವರ್ಷಕ್ಕೇ ಉಪ್ಪಿನ ಬಟ್ಟಲು ಕೊಟ್ಟು ಸಾಲಿಗೆ ಇಳಿಸಿದ್ದರು. ಅವರು ಹೇಳುತ್ತಿದ್ದುದು ಇಷ್ಟೇ: "ಎಲೆ ನೋಡ್ಲಾ, ಮುಖ ನೋಡ್ಬ್ಯಾಡ." ಒಂದೇ ಸಾಲಿನಲ್ಲಿ ಕೂತವರಿಗೆ ಮುಖ ನೋಡಿ ಬಡಿಸಿದರೆ ಪಂಕ್ತಿಭೇದ, ಅದಕ್ಕಿಂತ ಪಾಪವಿಲ್ಲ ಎಂದು ನಮ್ಮ ಮನೆಯ ನಂಬಿಕೆ.

ಹುಡುಗ ತಮ್ಮವನು. ತಿದ್ದಿ.

ತಮ್ಮ ವಿಧೇಯ,
ನಂಜುಂಡಯ್ಯ

*

ಅರಸೀಕೆರೆ
4 ಅಕ್ಟೋಬರ್ 1936

ಮಿತ್ರರೇ,

ನಿಮ್ಮ ತಂದೆಯವರ ಸೂತ್ರವನ್ನು ನಾನು ಕದ್ದಿದ್ದೇನೆ. ದಿನಾ ಸಂಜೆ ತಂಡವನ್ನು ಮೈದಾನದಲ್ಲಿ ಎರಡು ಸಾಲಾಗಿ, ಊಟಕ್ಕೆ ಕೂರಿಸಿದಂತೆ ಎದುರುಬದುರು ನಿಲ್ಲಿಸುತ್ತೇನೆ. ನಡುವೆ ಸಣ್ಣಯ್ಯ. ಪ್ರತಿ ಸಾಲಿನಲ್ಲೂ ಕೆಲವರ ಪಕ್ಕಕ್ಕೆ ಎದುರಾಳಿಯಂತೆ ಒಬ್ಬೊಬ್ಬ ನಿಂತು ಕಾಯುತ್ತಾನೆ. ಯಾರನ್ನು ಯಾರೂ ಕಾಯುತ್ತಿಲ್ಲವೋ ಅವನದು ಖಾಲಿ ಎಲೆ, ಚೆಂಡು ಅವನಿಗೆ. ಕೈ ಎತ್ತಿ ಕೇಳಿದವನಿಗೆ ಆ ದಿನ ಚೆಂಡಿಲ್ಲ. ನೋಡಲು ಬಂದ ಮುದುಕರೊಬ್ಬರು, "ಎಲೆ ಹಾಕಿ ಎಷ್ಟೊತ್ತಾಯ್ತು, ಇನ್ನೂ ಅನ್ನ ಬರಲಿಲ್ವಾ ಸ್ವಾಮಿ?" ಎಂದು ನನ್ನನ್ನೇ ಕೇಳಿದರು.

ಮೊದಲ ವಾರ ಸಣ್ಣಯ್ಯನ ಒಂದು ಪಾಸು ದಾರಿತಪ್ಪಿ ಸಂಸ್ಕೃತ ಪಂಡಿತರ ರುಮಾಲನ್ನು ಕೆಡವಿತು. ಎರಡನೆಯ ವಾರ ಚೆಂಡು ಸರಿಯಾದವನಿಗೇ ಹೋಗುತ್ತಿತ್ತು, ಆದರೆ ಫಿರಂಗಿ ಗುಂಡಿನಂತೆ. "ಪಾಯಸ ಹಾಗೆ ಬಡಿಸ್ತೀಯೇನಯ್ಯಾ?" ಎಂದೆ. ನಕ್ಕ. ಮರುದಿನದಿಂದ ಚೆಂಡು ಅವರವರ ಕಾಲಿನ ಬಳಿಗೆ ಹೋಗಿ ಸುಮ್ಮನೆ ನಿಲ್ಲತೊಡಗಿತು. ಈಗ ಚೆಂಡು ಬರುವ ಮೊದಲೇ ಹೆಗಲ ಮೇಲಿಂದ ಒಂದು ನೋಟ ಬೀರಿ ಇಡೀ ಸಾಲನ್ನು ಓದಿಕೊಂಡುಬಿಡುತ್ತಾನೆ.

ಅವನಲ್ಲಿ ಇದ್ದ ಕೊರತೆ ಒಂದೇ. ಬಡಿಸುವವನು ತಾನು ಉಣ್ಣುವುದಿಲ್ಲವಲ್ಲ, ಹಾಗೆ ಗೋಲಿನ ಮುಂದೆ ಬಂದರೂ ಪಕ್ಕದವನನ್ನೇ ಹುಡುಕುತ್ತಿದ್ದ. ಕೂರಿಸಿಕೊಂಡು ಹೇಳಿದೆ: "ಎದುರಿಗೆ ಗೋಲು ಖಾಲಿ ಇದ್ರೆ ಅದೂ ಒಂದು ಎಲೇನೇ ಕಣಯ್ಯಾ. ಅಲ್ಲಿಗೂ ಬಡಿಸ್ಬೇಕು." ಅವನು, "ಸರಿ ಸಾ" ಎಂದ. ಟೂರ್ನಮೆಂಟಿನ ಸೆಮಿಫೈನಲಿನಲ್ಲಿ ಬಾಣಾವರದವರ ಮೇಲೆ ಎರಡು ಗೋಲು ಹೊಡೆದ, ನಾವು ಫೈನಲಿಗೆ ಬಂದೆವು.

ರೈಲ್ವೆ ತಂಡದ ನಾಯಕ ಚಿಕ್ಕಣ್ಣ ಅಂದು ಬಂದಿದ್ದರು. ಪಾರ್ಸೆಲ್ ಆಫೀಸಿನವರು, ಮನುಷ್ಯರನ್ನೂ ತೂಕ ಹಾಕಿಯೇ ನೋಡುತ್ತಾರೆ. "ಪಾಸು ಚೆನ್ನಾಗೈತೆ ಮೇಷ್ಟ್ರೇ. ಗಟ್ಟಿ ತಂಡದ ಎದುರಿಗೆ ಗೋಲಿನ ಮುಂದೆ ಎದೆ ಐತಾ ಅಂತ ಡಿಸೆಂಬರ್ ಫೈನಲ್‌ನಲ್ಲಿ ನೋಡ್ತೀನಿ. ಇದ್ರೆ ನಮ್ಮೋನು" ಎಂದರು. ಭಾವನವರಿಗೆ ತಿಳಿಸಿ.

ಇನ್ನೊಂದು ಸಮಾಚಾರ. ನಮ್ಮ ಕಮಿಟಿಯ ಅಧ್ಯಕ್ಷರಾದ ಸಾಹುಕಾರ್ ರೇವಣಸಿದ್ದಪ್ಪನವರ ಪುತ್ರರತ್ನ ಮರುಳಪ್ಪ ತಂಡದ ಮುಂದಿನ ಸಾಲಿಗೆ ಸೇರಿದ್ದಾನೆ. ಒಳ್ಳೆಯ ಹುಡುಗ. ನೆಲಕ್ಕೆ ನೋವಾದೀತೆಂಬಂತೆ ಓಡುತ್ತಾನೆ.

ನಿಮ್ಮ,
ಷಡಕ್ಷರಪ್ಪ

*

ಹಳೇಬೀಡು
8 ನವೆಂಬರ್ 1936

ಮೇಷ್ಟ್ರ ಸನ್ನಿಧಿಗೆ,

ತಮ್ಮ ಕಾಗದವನ್ನು ಭಾವನಿಗೆ ಎರಡು ಸಲ ಓದಿ ಹೇಳಿದೆ. ಎರಡನೆಯ ಸಲ ಅವರೇ ಕೇಳಿದ್ದು. ಆಮೇಲೆ ದನ ಕಟ್ಟುತ್ತಾ, ಏನೋ ಬೇರೆ ಮಾತೆಂಬಂತೆ, "ರೈಲ್ವೇನೋರು ಟೋಪಿ ಕೊಡ್ತಾರಂತಾ?" ಎಂದರು. ಕೊಡುತ್ತಾರೆ ಎಂದು ನನ್ನ ಧೈರ್ಯದ ಮೇಲೆ ಹೇಳಿಬಿಟ್ಟೆ. ಸಂತೆಯಲ್ಲಿ ಇಬ್ಬರು ಮೂವರ ಹತ್ತಿರ ಟೋಪಿಯ ಮಾತು ಆಡಿದ್ದಾರಂತೆ.

ಫೈನಲಿಗೆ ಬರಬೇಕೆಂದು ಬಹಳ ಆಸೆ. ಆದರೆ ಅಂಚೆ ಪೆಟ್ಟಿಗೆ ಬಿಟ್ಟು ಬರುವ ಹಾಗಿಲ್ಲ. ತಾವೇ ನನ್ನ ಕಣ್ಣು. ನಡೆದದ್ದನ್ನು ನಡೆದ ಹಾಗೆ ಬರೆಯಿರಿ.

ವಿಧೇಯ,
ನಂಜುಂಡಯ್ಯ

*

ಅರಸೀಕೆರೆ
13 ಡಿಸೆಂಬರ್ 1936

ಮಿತ್ರರೇ,

ನಿನ್ನೆ ಫೈನಲ್ ಆಯಿತು. ಒಂದಕ್ಕೆ ಎರಡು ಗೋಲುಗಳಿಂದ ನಾವು ಸೋತೆವು.

ಕಾರಣಗಳು ಹಲವಾರು. ಮೊದಲನೆಯ ಅರ್ಧದಲ್ಲಿ ಸೂರ್ಯ ನಮ್ಮ ಕಣ್ಣಿಗೆ ಹೊಡೆಯುತ್ತಿದ್ದ. ಎರಡನೆಯ ಅರ್ಧದಲ್ಲಿ ಅವರ ಕಣ್ಣಿಗೆ ಹೊಡೆಯಬೇಕಾಗಿದ್ದವನು ಮೋಡದ ಹಿಂದೆ ಹೋಗಿ ಕೂತ. ಕೆರೆಯ ಕಡೆಯಿಂದ ಗಾಳಿ ಬೀಸಿತು. ಒಂದು ಮೇಕೆ ಮೈದಾನದೊಳಕ್ಕೆ ಬಂದು ನಮ್ಮ ಬಲಗಡೆಯವನ ಜೊತೆ ಸ್ವಲ್ಪ ದೂರ ಓಡಿತು. ಬ್ಲಾಡರಿನಲ್ಲೂ ಗಾಳಿ ಹದವಾಗಿರಲಿಲ್ಲವೆಂದು ನನ್ನ ಅನುಮಾನ.

ಸಣ್ಣಯ್ಯನ ಬಗ್ಗೆ ಹೇಳುವುದಾದರೆ, ಚೆನ್ನಾಗಿಯೇ ಆಡಿದ. ನಮ್ಮ ಒಂದು ಗೋಲಿಗೆ ಪಾಸು ಕೊಟ್ಟವನೂ ಅವನೇ. ಒಂದಕ್ಕೊಂದು ಸಮನಾಗಿ ಇನ್ನು ನಾಲ್ಕು ನಿಮಿಷ ಉಳಿದಿತ್ತು. ಚೆಂಡು ಅವನ ಕಾಲಲ್ಲಿತ್ತು, ಗೋಲು ಎದುರಿಗಿತ್ತು, ಅವರ ಗೋಲಿ, ಅಂದರೆ ಗೋಲು ಕಾಯುವವನು, ಜಾರಿ ಬಿದ್ದಿದ್ದ. ಒದೆಯಲಿಲ್ಲ, ಪಕ್ಕಕ್ಕೆ ಪಾಸು ಕೊಟ್ಟ. ಅದು ತಪ್ಪಿಹೋಗಿ, ಅವರು ಎತ್ತಿಕೊಂಡು ಓಡಿ ಗೋಲು ಹೊಡೆದರು. ಕೆಲವು ಸಲ ಹೀಗಾಗುತ್ತದೆ. ಜನ ಸ್ವಲ್ಪ ಗಲಾಟೆ ಮಾಡಿದರು. ಚಿಕ್ಕಣ್ಣ ಎದ್ದು ಹೊರಟುಹೋದರು.

ಸಣ್ಣಯ್ಯ ಊರಿಗೆ ಬರುತ್ತಿದ್ದಾನೆ. ಅವನನ್ನು ಏನೂ ಅನ್ನಬೇಡಿ.

ಷಡಕ್ಷರಪ್ಪ

*

ಹಳೇಬೀಡು
21 ಡಿಸೆಂಬರ್ 1936

ಮೇಷ್ಟ್ರ ಸನ್ನಿಧಿಗೆ,

ಯಾವ ಮುಖ ಇಟ್ಟುಕೊಂಡು ಬರೆಯಲಿ ತಿಳಿಯದು. ನಾಲ್ಕು ತಿಂಗಳು ತಾವು ಬೆವರು ಸುರಿಸಿ ತಿದ್ದಿದಿರಿ. ಆ ಹೊತ್ತು ಬಂದಾಗ ನಮ್ಮ ಹುಡುಗನಿಗೆ ಎದೆ ಇಲ್ಲದೆ ಹೋಯಿತು. ತಾವು ದೊಡ್ಡವರು, ಗಾಳಿ, ಮೇಕೆ ಎಂದು ಮರೆಮಾಚಿ ಬರೆದಿದ್ದೀರಿ. ನನಗೆ ಅರ್ಥವಾಗದೆ ಇಲ್ಲ.

ಮನೆಗೆ ಬಂದವನನ್ನು ಕೇಳಿದೆ, "ಯಾಕ್ಲಾ ಒದೀಲಿಲ್ಲ?" ಎಂದು. ಬಾಯಿ ಬಿಡಲಿಲ್ಲ. ಹೆದರಿಕೊಂಡೆಯಾ ಎಂದೆ. ಅದಕ್ಕೂ ಇಲ್ಲ. ಭಾವ, "ಗೋಲ್ ಮುಂದೆ ಕಾಲು ನಡುಗ್ದೋನು ರೈಲ್ ಮುಂದೆ ಏನ್ ನಿಂತಾನು" ಎಂದು ಹೇಳಿ ನೇಗಿಲು ತೋರಿಸಿದರು. ತಮ್ಮ ಕಾಗದದ ಕೊನೆಯ ಸಾಲನ್ನು ಮೀರಿ ನಾನೂ ಎರಡು ಕಟುವಾದ ಮಾತು ಆಡಿಬಿಟ್ಟೆ. ತಲೆ ತಗ್ಗಿಸಿ ಕೇಳಿಸಿಕೊಂಡ.

ಅಕ್ಕ ಅವರೆಕಾಯಿ ಕಳಿಸಿದ್ದಾಳೆ, ಸೊಗಡಿದೆ. ಮೋಟಾರು ಬಸ್ಸಿನ ಡ್ರೈವರ್ ತಂದುಕೊಡುತ್ತಾನೆ. ನಮ್ಮ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು.

ವಿಧೇಯ,
ನಂಜುಂಡಯ್ಯ

*

ಹಳೇಬೀಡು
12 ಜನವರಿ 1937

ಮೇಷ್ಟ್ರ ಸನ್ನಿಧಿಗೆ,

ತಮ್ಮಿಂದ ಕಾಗದವಿಲ್ಲ. ದಿನಾ ಟಪಾಲಿನ ಚೀಲ ಬಿಚ್ಚುವವನು ನಾನೇ ಆದ್ದರಿಂದ ದಾರಿಯಲ್ಲಿ ಕಳೆದಿರಬಹುದೆಂದು ಸಮಾಧಾನ ಮಾಡಿಕೊಳ್ಳಲೂ ಆಗುವುದಿಲ್ಲ. ತಮಗೆ ಇನ್ನೂ ಸಿಟ್ಟು ಇಳಿದಿಲ್ಲ ಎಂದು ತಿಳಿಯುತ್ತೇನೆ. ಅದು ನ್ಯಾಯವೇ.

ಸಣ್ಣಯ್ಯ ಕಾಲೇಜು ತೆರೆದ ಮೇಲೂ ಹೊರಡಲಿಲ್ಲ. ಭಾವ ಕಳಿಸಲೂ ಇಲ್ಲ. ರೈಲ್ವೆಗೆ ಬೇರೆ ಯಾರನ್ನಾದರೂ ತೆಗೆದುಕೊಂಡರೇ? ಇಲ್ಲದಿದ್ದರೆ ತಾವು ಒಂದು ಮಾತು ಹೇಳಿ ನೋಡಬಹುದೇ ಎಂದು ಅಕ್ಕ ಕೇಳುತ್ತಾಳೆ. ಕೇಳಲು ನನಗೆ ನಾಚಿಕೆ. ಆದರೂ ಬರೆದಿದ್ದೇನೆ.

ಇನ್ನೊಂದು ಚೀಲ ಅವರೆಕಾಯಿ ಕಳಿಸಿದೆ. ಕ್ಷಮೆ ಇರಲಿ.

ನಂಜುಂಡಯ್ಯ

*

ಅರಸೀಕೆರೆ
18 ಜನವರಿ 1937

ಮಿತ್ರರೇ,

ನಿಮ್ಮ ಎರಡು ಕಾಗದಗಳೂ ಎರಡು ಚೀಲಗಳೂ ತಲುಪಿವೆ. ಉತ್ತರ ಬರೆಯಲು ತಡವಾದದ್ದು ಪರೀಕ್ಷೆಯ ಪೇಪರುಗಳಿಂದ, ನೆಗಡಿಯಿಂದ, ಮತ್ತು ಮಸಿ ಗಟ್ಟಿಯಾಗಿದ್ದರಿಂದ.

ಅವರೆಕಾಯಿಯ ವಿಷಯ. ನಮ್ಮ ಮನೆಯಲ್ಲಿ ಹದಿನೈದು ದಿನದಿಂದ ಅವರೆಕಾಳಿನ ಸಾರು, ಅವರೆಕಾಳಿನ ಉಪ್ಪಿಟ್ಟು, ಹಿದುಕಿದ ಅವರೆ. ನನಗೆ ಮಾತ್ರ ಒಂದು ತುತ್ತೂ ಇಳಿಯುತ್ತಿಲ್ಲ. ಹೊಟ್ಟೆ ಸರಿಯಿಲ್ಲವೆಂದು ಮನೆಯವಳಿಗೆ ಹೇಳಿದೆ. ಸಾವಿತ್ರಮ್ಮ ಕಾಯಿ ಸುಲಿಯುತ್ತಾ ತಲೆ ಎತ್ತದೆ, "ಸುಲಿಯೋಕೆ ನನ್ನ ಕೈ, ಸುಳ್ಳು ಹೇಳೋಕೆ ನಿಮ್ಮ ಬಾಯಿ. ಇಬ್ರಿಗೂ ಕೆಲ್ಸ ಸಾಕಷ್ಟಿದೆ" ಎಂದಳು. ಹೆಂಗಸರು ಏನೇನೋ ಆಡುತ್ತಾರೆ.

ನನಗೆ ಸಿಟ್ಟಿಲ್ಲ. ಇದನ್ನು ನಂಬಿ. ನೀವು ಕ್ಷಮೆ ಕೇಳಬೇಡಿ. ಚಿಕ್ಕಣ್ಣ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ. ಅವರಿಗೆ ಹೇಳಬೇಕು. ಹೇಳಬೇಕೆಂದು ಎರಡು ಸಲ ಸ್ಟೇಷನ್ನಿನವರೆಗೂ ಹೋದೆ. ಒಂದು ಸಲ ಅವರು ಇರಲಿಲ್ಲ. ಇನ್ನೊಂದು ಸಲ ಇದ್ದರು.

ನಿಮಗೆ ತಿಳಿಸಬೇಕಾದ ಒಂದು ಸಂಗತಿಯಿದೆ. ಪೇಪರುಗಳ ಗಲಾಟೆ ಮುಗಿಯಲಿ, ವಿವರವಾಗಿ ಬರೆಯುತ್ತೇನೆ. ಅಂದ ಹಾಗೆ, ಕಮಿಟಿಯವರು ನನ್ನ ಕೆಲಸವನ್ನು ಖಾಯಂ ಮಾಡಿದ್ದಾರೆ.

ಷಡಕ್ಷರಪ್ಪ

*

ಹಳೇಬೀಡು
3 ಫೆಬ್ರವರಿ 1937

ಮೇಷ್ಟ್ರ ಸನ್ನಿಧಿಗೆ,

ತಮ್ಮ ಕೆಲಸ ಖಾಯಂ ಆದದ್ದು ಕೇಳಿ ಮನೆಮಂದಿಗೆಲ್ಲ ಸಂತೋಷವಾಯಿತು. ಸಣ್ಣಯ್ಯನಿಗೂ ಹೇಳಿದೆ. "ಒಳ್ಳೇದಾಯ್ತು ಮಾವ. ಮೇಷ್ಟ್ರಿಗೆ ಅದೇ ಯೋಚನೆಯಾಗಿತ್ತು" ಎಂದ. ಈಚೆಗೆ ಅವನು ಆಡಿದ ಅತ್ಯಂತ ಉದ್ದದ ಮಾತು ಅದು.

ತಾವು ಹೇಳಬೇಕೆಂದಿದ್ದ ಸಂಗತಿ ಏನೋ ತಿಳಿಯಲಿಲ್ಲ. ನಾನೊಂದು ಸಂಗತಿ ಹೇಳುತ್ತೇನೆ. ಮೊನ್ನೆ ಹಗರೆಯಲ್ಲಿ ನಮ್ಮ ದಾಯಾದಿಗಳ ಮನೆ ಮದುವೆ. ಅಲ್ಲಿಯವರು ಸಣ್ಣಯ್ಯನನ್ನು ಕಂಡೊಡನೆ ಎಂದಿನಂತೆ ತುಪ್ಪದ ಗಿಂಡಿ ಕೈಗೆ ಕೊಟ್ಟರು. ಚಪ್ಪರದ ಬಾಗಿಲವರೆಗೂ ಬಂದ. ಒಳಗೆ ಎಲೆ ಹಾಕಿ ನೂರು ಜನ ಕೂತಿದ್ದಾರೆ. ಬಾಗಿಲಲ್ಲೇ ನಿಂತುಬಿಟ್ಟ. ತುಪ್ಪ ಆರಿ ಗಟ್ಟಿಯಾಗುವವರೆಗೂ ನಿಂತಿದ್ದ. ಬೇರೆ ಯಾರೋ ಕೈಯಿಂದ ಇಸಿದುಕೊಂಡು ಹೋದರು. ಜನ ನಕ್ಕರು. ಅರಸೀಕೆರೆಯ ಸುದ್ದಿ ಅಲ್ಲಿಗೂ ಮುಟ್ಟಿದೆ.

ನಾನು ಪಕ್ಕಕ್ಕೆ ಕರೆದು, "ಏನ್ಲಾ ಇದು" ಎಂದೆ. "ಯಾರ ಎಲೆ ಖಾಲಿ ಅಂತ ನಂಗೆ ಕಾಣಾಕಿಲ್ಲ ಮಾವ ಈಗ" ಎಂದ. ಅರಸೀಕೆರೆಯಲ್ಲಿ ನಿಜವಾಗಿ ಏನಾಯಿತು ಹೇಳು ಎಂದು ಕೈ ಹಿಡಿದು ಕೇಳಿದೆ. ಕೈ ಬಿಡಿಸಿಕೊಂಡು, "ಅಡುಗೆಮನೇಲಿ ಯಜಮಾನ್ರು ಹೇಳಿದ ಮಾತ್ನ ಬಡಿಸೋನು ಪಂಕ್ತೀಲಿ ಆಡಬಾರ್ದು ಮಾವ" ಎಂದ.

ಇದರ ಅರ್ಥ ನನಗಾಗಲಿಲ್ಲ. ತಮಗೇನಾದರೂ ಆಗುತ್ತದೆಯೇ?

ನಂಜುಂಡಯ್ಯ

*

ಅರಸೀಕೆರೆ
8 ಫೆಬ್ರವರಿ 1937

ನಂಜುಂಡಯ್ಯನವರೇ,

ಆಗುತ್ತದೆ.

ಗಾಳಿ ಇರಲಿಲ್ಲ. ಸೂರ್ಯನ ತಪ್ಪೂ ಇಲ್ಲ. ಮೇಕೆ ಬಂದದ್ದು ನಿಜ, ಆದರೆ ಅದು ಯಾರಿಗೂ ಅಡ್ಡ ಬರಲಿಲ್ಲ. ಅಂದು ಮೈದಾನದಲ್ಲಿ ತಪ್ಪು ಮಾಡದೆ ಇದ್ದ ಪ್ರಾಣಿಗಳಲ್ಲಿ ಅದೂ ಒಂದು.

ಅರ್ಧ ಆಟ ಮುಗಿದು ಹುಡುಗರು ನಿಂಬೆ ಪಾನಕ ಕುಡಿಯುತ್ತಿದ್ದರು. ಚಪ್ಪರದಲ್ಲಿ ಸಾಹುಕಾರ್ ರೇವಣಸಿದ್ದಪ್ಪನವರು ಕಮಿಟಿಯವರ ನಡುವೆ ಕೂತಿದ್ದರು. ಜನವರಿಯಲ್ಲಿ ಕಮಿಟಿ ಸೇರಿ ನನ್ನ ಕೆಲಸ ಖಾಯಂ ಮಾಡಬೇಕೋ ಬೇಡವೋ ತೀರ್ಮಾನಿಸುವುದಿತ್ತು. ಇದನ್ನು ನಿಮಗೆ ನಾನು ಮೊದಲು ಬರೆದಿರಲಿಲ್ಲ. ಸಾಹುಕಾರರು ಮಗನ ಕಡೆಗೇ ನೋಡುತ್ತಿದ್ದರು. ಮರುಳಪ್ಪನಿಗೆ ಅಲ್ಲಿಯವರೆಗೆ ಚೆಂಡು ಮೂರೇ ಸಲ ಸಿಕ್ಕಿತ್ತು. ನಾನು ಸಣ್ಣಯ್ಯನನ್ನು ಚಪ್ಪರದ ಹಿಂದಕ್ಕೆ ಕರೆದೆ.

"ಇನ್ನು ಮೇಲೆ ಗೋಲಿನ ಹತ್ರ ಹೋದಾಗ ಮರುಳಪ್ಪನಿಗೇ ಕೊಡು" ಎಂದೆ.

"ಅವನ ಎಲೆ ತುಂಬಿದ್ರೆ ಸಾ?" ಎಂದ. ಅಂದರೆ, ಅವನನ್ನು ಯಾರಾದರೂ ಕಾಯುತ್ತಿದ್ದರೆ ಎಂದು.

"ತುಂಬಿದ್ರೂ ಬಡಿಸು."

"ಗೋಲೇ ಖಾಲಿ ಇದ್ರೆ ಸಾ?"

ಅದನ್ನೂ ಅವನು ಕೇಳಿದ. ನಾನು, "ನನ್ನ ಅನ್ನದ ಪ್ರಶ್ನೆ ಕಣಯ್ಯಾ, ಹೇಳಿದಷ್ಟು ಮಾಡು" ಎಂದೆ. ಅವನು, "ಸರಿ ಸಾ" ಎಂದ.

ಆಮೇಲೆ ನಡೆದದ್ದನ್ನು ನಿಮಗೆ ಬರೆದಿದ್ದೇನೆ, ಮುಖ್ಯವಾದದ್ದನ್ನು ಬಿಟ್ಟು. ಗೋಲಿ ಬಿದ್ದಾಗ ಸಣ್ಣಯ್ಯ ಖಾಲಿ ಗೋಲನ್ನು ನೋಡಿದ. ತಿರುಗಿ ನನ್ನನ್ನು ನೋಡಿದ. ಬೇಡ, ಒದಿ ಎಂದು ಕೈ ಮಾಡಲು ನನಗೆ ಒಂದು ಕ್ಷಣವಿತ್ತು. ಆ ಕ್ಷಣದಲ್ಲಿ ನಾನು ಚಪ್ಪರದ ಕಡೆಗೆ ನೋಡುತ್ತಿದ್ದೆ. ಮರುಳಪ್ಪನ ಎರಡು ಪಕ್ಕಕ್ಕೂ ಎದುರಾಳಿಗಳಿಬ್ಬರು ನಿಂತಿದ್ದರು. ಪಾಸು ಅವರ ನಡುವೆ, ಪಾಯಸ ಬಡಿಸಿದಂತೆ, ಅವನ ಕಾಲಿನ ಬಳಿಗೇ ಬಂತು. ಅಷ್ಟು ಚೆಂದದ ಪಾಸನ್ನು ನಾನು ಕಂಡಿಲ್ಲ. ಮರುಳಪ್ಪ ಎಡವಿದ, ಅದು ವ್ಯರ್ಥವಾಯಿತು.

ಜನ ಹೇಡಿ ಎಂದು ಕೂಗಿದರು. ಕೂಗಿದ್ದು ಅವನನ್ನು. ನಾನು ಪಕ್ಕದಲ್ಲೇ ನಿಂತು ಸುಮ್ಮನಿದ್ದೆ. ಸಂಜೆ ಅವನು ಪೆಟ್ಟಿಗೆ ಹೊತ್ತುಕೊಂಡು ನನ್ನ ಮನೆಯ ಮುಂದೆ ಬಂದು, "ಬತ್ತೀನಿ ಸಾ" ಎಂದ. ಅಷ್ಟೇ. ಅದರಲ್ಲಿ ಸಿಟ್ಟಿದೆಯೇನೋ ಎಂದು ಎರಡು ತಿಂಗಳು ಹುಡುಕಿದೆ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಿಮ್ಮ ತಂದೆಯವರು ಯಾವುದಕ್ಕಿಂತ ಪಾಪವಿಲ್ಲ ಎಂದರೋ ಆ ಪಂಕ್ತಿಭೇದವನ್ನು ನಾನು ಮಾಡಿದ್ದಷ್ಟೇ ಅಲ್ಲ, ಅವರ ಮೊಮ್ಮಗನ ಕೈಯಲ್ಲಿ ಮಾಡಿಸಿದೆ. ಆಮೇಲೆ ನಿಮ್ಮಿಂದ ಕ್ಷಮೆಯ ಕಾಗದ ತರಿಸಿಕೊಂಡು ಓದಿದೆ.

ಈ ಕಾಗದವನ್ನು ಅವನಿಗೂ ಅವನ ತಂದೆಗೂ ಓದಿ ಹೇಳಿ.

ಷಡಕ್ಷರಪ್ಪ

*

(ಕಾರ್ಡು)

ಹಳೇಬೀಡು
13 ಫೆಬ್ರವರಿ 1937

ಕಾಗದ ತಲುಪಿತು. ಓದಿದೆ. ಮೂರು ದಿನ ಯಾರಿಗೂ ಹೇಳಲಿಲ್ಲ.

ಅದನ್ನು ಅವನಿಗೆ ಓದಿ ಹೇಳುವುದು ನನ್ನ ಕೆಲಸವಲ್ಲ. ನಾನು ಅವನಿಗೆ ಆಡಿದ ಮಾತುಗಳಿಗೆ ನಾನು ತಪ್ಪಾಯಿತೆಂದು ಹೇಳಿಕೊಂಡೆ. ನಿಮ್ಮದನ್ನು ನೀವು ಹೇಳಿ.

ಅವರೆಕಾಯಿಯ ಚೀಲಗಳು ಅಕ್ಕನವು. ಖಾಲಿ ಮಾಡಿ ವಾಪಸು ಕಳಿಸುವುದು.

ನಂಜುಂಡಯ್ಯ

*

ಅರಸೀಕೆರೆ
24 ಫೆಬ್ರವರಿ 1937

ನಂಜುಂಡಯ್ಯನವರಿಗೆ,

ಚೀಲಗಳನ್ನು ಸಾವಿತ್ರಮ್ಮ ಒಗೆದು ಮಡಿಸಿ ಅಂದೇ ಮೋಟಾರಿನಲ್ಲಿ ಕಳಿಸಿದಳು. ತಲುಪಿರಬೇಕು.

ನಿಮ್ಮ ಕಾರ್ಡು ಬಂದ ಮೇಲೆ ಮೊದಲು ಸಾಹುಕಾರರ ಮಂಡಿಗೆ ಹೋದೆ. ಕೊಬ್ಬರಿಯ ರಾಶಿಯ ನಡುವೆ ಕೂತಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಕೆಲಸ ಹೋದರೆ ಹೋಗಲಿ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಅವರು ಕೊಬ್ಬರಿ ಚೂರೊಂದನ್ನು ಮುರಿದು ಮೂಸಿ ನೋಡಿ ಕೇಳಿದರು:

"ನಾನೇನಾದ್ರೂ ಹಾಗೆ ಮಾಡಿ ಅಂತ ಹೇಳಿದ್ನಾ ಮೇಷ್ಟ್ರೇ?"

"ಇಲ್ಲ."

"ಯಾರ ಕೈಲಾದ್ರೂ ಹೇಳ್ಸಿದ್ನಾ?"

"ಇಲ್ಲ."

"ಮತ್ತೆ ನನ್ನ ಮಗನ್ನ ಅಷ್ಟು ಜನರ ಮುಂದೆ ಎಡವಿಸಿದ್ಯಾಕೆ? ಅವನು ಆಟ ಬಿಡ್ತೀನಿ ಅಂತ ಅಕ್ಟೋಬರಿಂದ ಹೇಳ್ತಿದ್ದ. ಮೇಷ್ಟ್ರಿಗೆ ಬೇಜಾರಾಗುತ್ತೆ, ಹೋಗಪ್ಪಾ ಅಂತ ನಾನೇ ಕಳಿಸ್ತಿದ್ದೆ."

ಖಾಯಂ ಮಾಡುವ ವಿಷಯ ಕಮಿಟಿಯವರು ಅಕ್ಟೋಬರಿನಲ್ಲೇ ಒಪ್ಪಿಕೊಂಡಿದ್ದರಂತೆ. ಜನವರಿಯಲ್ಲಿ ರುಜು ಹಾಕಿದ್ದಷ್ಟೇ. ಹಾಗಾದರೆ ನಾನು ಆ ಹುಡುಗನನ್ನು ಮಾರಿದ್ದು ಯಾರಿಗೆ? ಕೊಳ್ಳುವವನೇ ಇರಲಿಲ್ಲ. ಇಷ್ಟು ದಿನ, ಸಾಹುಕಾರರ ದಾಕ್ಷಿಣ್ಯ, ಬಡ ಮೇಷ್ಟ್ರ ಕಷ್ಟ ಎಂದು ಮನಸ್ಸಿನ ಮೂಲೆಯಲ್ಲಿ ಒಂದು ನೆಪ ಉಳಿಸಿಕೊಂಡಿದ್ದೆ. ಮಂಡಿಯಿಂದ ಹೊರಗೆ ಬಂದಾಗ ಅದೂ ಇರಲಿಲ್ಲ.

ಅಲ್ಲಿಂದ ಪಾರ್ಸೆಲ್ ಆಫೀಸಿಗೆ ಹೋದೆ. ಈ ಸಲ ಚಿಕ್ಕಣ್ಣ ಇದ್ದರು, ನಾನೂ ಒಳಗೆ ಹೋದೆ. ಅವರ ತಂಡದ ಏಳೆಂಟು ಜನ ಕೂತಿದ್ದರು. ಎಲ್ಲರ ಎದುರಿಗೇ ಹೇಳಿದೆ. ಚಿಕ್ಕಣ್ಣ ತಕ್ಕಡಿಯ ಮೇಲೆ ಕೈಯೂರಿ ನನ್ನನ್ನೇ ನೋಡಿದರು. "ಹಂಗಾದ್ರೆ ಎದೆ ಇಲ್ದೋರು ನೀವು" ಎಂದರು. ಹೌದು ಎಂದೆ. "ಖಾಲಿ ಗೋಲು ಕಂಡೂ, ಊರೆಲ್ಲ ಉಗೀತಾರೆ ಅಂತ ಗೊತ್ತಿದ್ದೂ, ಕೊಟ್ಟ ಮಾತಿಗೆ ನಿಂತ್ನಲ್ಲ. ಅದಕ್ಕೆ ಏನಂತ ಕರೀಬೇಕೋ ನಂಗೆ ಗೊತ್ತಿಲ್ಲ. ಆದ್ರೆ ನಂಗೆ ಗೋಲು ಹೊಡ್ಯೋನು ಬೇಕು. ಈ ಭಾನುವಾರ ನಾಲ್ಕೂವರೆಗೆ ನಮ್ಮ ಹುಡುಗರ ಜೊತೆ ಆಡ್ಲಿ, ನೋಡ್ತೀನಿ. ನೀವು ಮಾತ್ರ ಮೈದಾನದ ಹತ್ರ ಸುಳೀಬಾರ್ದು."

ಒಪ್ಪಿಕೊಂಡಿದ್ದೇನೆ. ತೆಗೆದುಕೊಳ್ಳುತ್ತೇನೆ ಎಂದು ಅವರು ಹೇಳಿಲ್ಲ. ನಾನೂ ನಿಮಗೆ ಹಾಗೆ ಹೇಳುವುದಿಲ್ಲ. ರೈಲ್ವೆಯಾಗಲಿ ಆಗದಿರಲಿ, ಅವನ ಹೆಸರನ್ನು ಕಾಲೇಜಿನ ಹಾಜರಿಯಿಂದ ತೆಗೆಯದಂತೆ ನೋಡಿಕೊಂಡಿದ್ದೇನೆ. ನಿನ್ನೆ ಬೆಳಿಗ್ಗೆ ಹುಡುಗರೆಲ್ಲ ಸೇರಿದ್ದಾಗ ನಡೆದದ್ದನ್ನು ಅಲ್ಲಿಯೂ ಹೇಳಿದೆ. ಯಾರೂ ನಗಲಿಲ್ಲ. ನಾನು ಬಾಯಿ ತೆರೆದಾಗಲೆಲ್ಲ ನಗುವ ಹುಡುಗರು ಅವರು.

ಶನಿವಾರ ಸಂಜೆಯ ಮೋಟಾರಿಗೆ ಹಳೇಬೀಡಿಗೆ ಬರುತ್ತೇನೆ. ಸಣ್ಣಯ್ಯನ ಎದುರಿಗೆ, ಕೆಂಚಯ್ಯನವರ ಎದುರಿಗೆ ಹೇಳಬೇಕಾದದ್ದನ್ನು ಹೇಳುತ್ತೇನೆ. ಅವರು ಏನು ಅಂದರೂ ಕೇಳುತ್ತೇನೆ. ಅಕ್ಕನವರಿಗೆ ನನಗಾಗಿ ಅಡುಗೆ ಮಾಡಬೇಡಿ ಎಂದು ತಿಳಿಸಿ. ನಾನು ಬರುವುದನ್ನು ಹುಡುಗನಿಗೆ ಮುಂಚೆ ಹೇಳುವುದೋ ಬಿಡುವುದೋ ನಿಮ್ಮ ಇಷ್ಟ.

ಒಂದು ಸಣ್ಣ ಉಪಕಾರ ಮಾತ್ರ ಆಗಬೇಕು. ಭಾನುವಾರ ಬೆಳಿಗ್ಗೆ ಜಾವಗಲ್ ಮೇಲೆ ಇತ್ತ ಬರುವ ಮೋಟಾರಿನಲ್ಲಿ ಡ್ರೈವರಿಗೆ ಹೇಳಿ ಎರಡು ಸೀಟು ಹಿಡಿದಿಡಿ. ಕಿಟಕಿಯ ಪಕ್ಕದ್ದು ಅವನಿಗೆ. ಅವನು ಬರಲೊಲ್ಲೆ ಎಂದರೆ ಆ ಸೀಟನ್ನು ಬೇರೆಯವರಿಗೆ ಬಿಟ್ಟುಕೊಡಬಹುದು. ಆದರೆ ಮೋಟಾರು ಹೊರಡುವವರೆಗೂ ಬಿಟ್ಟುಕೊಡಬೇಡಿ.

ಷಡಕ್ಷರಪ್ಪ